ಅಪೊಲೊದ ಬುಧವಾರಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಅಮೆರಿಕದ ಕಪ್ಪು ಕಲಾವಿದರ ಬಗ್ಗೆ ಕಾಲೇಜಿನಲ್ಲಿ ಮಾಡೋ ಕಾರ್ಯಕ್ರಮಕ್ಕೆ ನೀನು ಮಾಡಿದ ಪಟ್ಟಿ ನೋಡಿದೆ. ಲೂಯಿ ಆರ್ಮ್‌ಸ್ಟ್ರಾಂಗ್, ಎಲಾ ಫಿಟ್ಸ್‌ಜೆರಾಲ್ಡ್, ಜೇಮ್ಸ್ ಬ್ರೌನ್, ಮೈಕಲ್ ಜಾಕ್ಸನ್. ಇವರಲ್ಲಿ ಯಾರನ್ನೂ ಬಿಡೋ ಹಾಗಿಲ್ಲ, ಒಪ್ಪಿದೆ. ಆದರೆ ಫೋಟೊ ತೂಗುಹಾಕಿ, ಹುಟ್ಟಿದ ಇಸವಿ ಓದಿ, ಎರಡು ಹಾಡು ಹಾಕಿಬಿಟ್ಟರೆ ಇವರೆಲ್ಲ ಆಕಾಶದಿಂದ ಉದುರಿದವರ ಹಾಗೆ ಕಾಣುತ್ತಾರೆ. ಇವರನ್ನು ತಿದ್ದಿದವರು ಯಾರು? ನನ್ನನ್ನು ಕೇಳಿದರೆ, ಟಿಕೆಟ್ ಕೊಂಡು ಬಂದು ಕೂತ ಜನ. ಅವರಿಗೂ ಒಂದಿಷ್ಟು ಜಾಗ ಕೊಡು ಮಾರಾಯ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 125ನೇ ಬೀದಿಯಲ್ಲಿ ಅಪೊಲೊ ಥಿಯೇಟರ್ ಇದೆ. 1914ರಲ್ಲಿ ಶುರುವಾದಾಗ ಅದರ ಹೆಸರೇ ಬೇರೆ, ಒಳಗೆ ಬಿಳಿಯರಿಗೆ ಮಾತ್ರ ಪ್ರವೇಶ. ಸುತ್ತಮುತ್ತ ಕಪ್ಪು ಜನ ನೆಲೆಸಿ, ಹಾರ್ಲೆಮ್ ಅಂದರೆ ಅವರದೇ ಊರು ಅನ್ನುವಂತಾದ ಮೇಲೂ ಆ ಬಾಗಿಲು ತೆರೆಯಲಿಲ್ಲ. ತೆರೆದದ್ದು 1934ರಲ್ಲಿ, ಅಪೊಲೊ ಅನ್ನೋ ಹೆಸರಿಟ್ಟುಕೊಂಡು. ಒಳ್ಳೆ ಮನಸ್ಸಿನಿಂದ ಅಂತ ತಿಳಿಯಬೇಡ, ವ್ಯಾಪಾರಕ್ಕೆ. ಮಾಲೀಕರು ಬಿಳಿಯರೇ. ಕಪ್ಪು ಮಾಲೀಕರ ಕೈಗೆ ಅದು ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಅಲ್ಲಿಯತನಕ ಹಾಡಿದವರು, ಕುಣಿದವರು, ನಗಿಸಿದವರು ಕಪ್ಪು ಜನ. ಗಲ್ಲಾಪೆಟ್ಟಿಗೆ ಇನ್ನೊಬ್ಬರದು.

ಆದರೆ ಕಲಾವಿದ ಉಳಿಯಬೇಕೋ ಹೋಗಬೇಕೋ ಅಂತ ಹೇಳೋ ಅಧಿಕಾರ ಮಾತ್ರ ಬಾಲ್ಕನಿಯಲ್ಲಿ ಕೂತವರದೇ ಆಗಿತ್ತು. ರಾಲ್ಫ್ ಕೂಪರ್ ಅನ್ನೋ ನಟ ಅಲ್ಲಿ ಬುಧವಾರ ರಾತ್ರಿ ಹೊಸಬರಿಗೊಂದು ಸ್ಪರ್ಧೆ ಶುರು ಮಾಡಿದ. ಅದೇ ಅಮೆಚೂರ್ ನೈಟ್. ತೀರ್ಪುಗಾರರು ಅಂತ ಯಾರೂ ಇಲ್ಲ. ಚಪ್ಪಾಳೆ ಜಾಸ್ತಿ ಬಿದ್ದವರು ಗೆದ್ದರು. ಜನ ಕೂಗಿ ಓಡಿಸಿದವರು ಮನೆಗೆ.

1934ರ ನವೆಂಬರ್ 21ರಂದು ಅಲ್ಲಿಗೆ 17 ವರ್ಷದ ಎಲಾ ಬಂದಳು. ತಾಯಿ ಸತ್ತಿದ್ದರು. ಹುಡುಗಿಯರ ಸುಧಾರಣಾ ಶಾಲೆಗೆ ಹಾಕಿದ್ದರು, ಅಲ್ಲಿಂದ ತಪ್ಪಿಸಿಕೊಂಡು ಬೀದಿಯಲ್ಲಿ ದಿನ ದೂಡುತ್ತಿದ್ದಳು. ಅವಳು ಬಂದದ್ದು ಹಾಡೋಕೆ ಅಲ್ಲ, ಕುಣಿಯೋಕೆ. ಆದರೆ ಅದೇ ರಾತ್ರಿ ಎಡ್ವರ್ಡ್ಸ್ ಸಿಸ್ಟರ್ಸ್ ಕುಣಿದರು, ಬೂಟಿನ ಸದ್ದಿನಲ್ಲೇ ತಾಳ ಹಾಕೋ ಟ್ಯಾಪ್ ಡ್ಯಾನ್ಸ್‌ನಲ್ಲಿ ಎತ್ತಿದ ಕೈ. ಅದನ್ನು ನೋಡಿ ಎಲಾಳ ಧೈರ್ಯ ಇಳಿದುಹೋಯಿತು. ಸ್ಟೇಜಿಗೆ ಬಂದಾಗಿದೆ, ಏನಾದರೂ ಮಾಡಲೇಬೇಕು. ತಾಯಿಗೆ ಇಷ್ಟವಾಗಿದ್ದ ಕಾನಿ ಬಾಸ್‌ವೆಲ್ ಅನ್ನೋ ಗಾಯಕಿಯ ಧಾಟಿಯಲ್ಲಿ ಹಾಡಿದಳು. ಗೆದ್ದಳು. ಬಹುಮಾನದ 25 ಡಾಲರ್ ಸಿಕ್ಕಿತು. ಅದರ ಜೊತೆ ಸಿಗಬೇಕಿದ್ದ ಒಂದು ವಾರದ ಕಾರ್ಯಕ್ರಮ ಸಿಗಲಿಲ್ಲ. ಅವಳ ಹರಕು ವೇಷ ನೋಡಿ ಕೊಡಲಿಲ್ಲ ಅಂತಾರೆ. ನೋಡು, ಹಾಡು ಕೇಳಿ ಗೆಲ್ಲಿಸಿದ್ದು ಜನ. ಬಟ್ಟೆ ನೋಡಿದ್ದು ಆಫೀಸಿನವರು.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಬುಧವಾರ ಅಲ್ಲಿಗೆ ಹೋಗಿದ್ದೆ. ಸ್ಟೇಜಿನ ಒಂದು ಬದಿಯಲ್ಲಿ ಪೀಠದ ಮೇಲೆ ಮರದ ತುಂಡೊಂದನ್ನು ಇಟ್ಟಿರುತ್ತಾರೆ. ಸವೆದು ನುಣ್ಣಗಾಗಿದೆ. ಹಿಂದೆ ಹಾರ್ಲೆಮ್‌ನ ಸೆವೆಂತ್ ಅವೆನ್ಯೂನಲ್ಲಿ ಲಫಾಯೆಟ್ ಥಿಯೇಟರ್ ಹತ್ತಿರ ಒಂದು ಎಲ್ಮ್ ಮರ ಇತ್ತು. ಕೆಲಸ ಹುಡುಕುವ ಕಲಾವಿದರು ಅದನ್ನು ಮುಟ್ಟಿದರೆ ಅದೃಷ್ಟ ಕುದುರುತ್ತೆ ಅಂತ ನಂಬಿದ್ದರು. ರಸ್ತೆ ಅಗಲ ಮಾಡೋಕೆ ಮರ ಕಡಿದಾಗ ಕೂಪರ್ ಒಂದು ತುಂಡನ್ನು ತಂದು ಅಪೊಲೊದಲ್ಲಿ ಇಟ್ಟ. ಇವತ್ತಿಗೂ ಸ್ಪರ್ಧೆಗೆ ಬಂದವರೆಲ್ಲ ಅದನ್ನು ಸವರಿಯೇ ಮೈಕ್ ಹತ್ತಿರ ಹೋಗಬೇಕು.

ಸೂಟು ಹಾಕಿದ ಒಬ್ಬ ಹುಡುಗ ಸವರಿದ, ಹಾಡಿದ. ಮೊದಲ ಸಾಲಿಗೇ ಶ್ರುತಿ ಎಲ್ಲೋ ಹೋಯಿತು. ಮೇಲಿನ ಬಾಲ್ಕನಿಯಿಂದ ಶುರುವಾದ ಕೂಗು ಕೆಳಗಿಳಿದು ಇಡೀ ಥಿಯೇಟರ್ ತುಂಬಿತು. ಸೈರನ್ ಹೊಡೆಯಿತು. ಪೊರಕೆ ಹಿಡಿದು ಕುಣಿಯುತ್ತಾ ಬಂದವನೊಬ್ಬ ಹುಡುಗನನ್ನು ಗುಡಿಸಿಕೊಂಡು ಹೋದ. ನನ್ನ ಪಕ್ಕದಲ್ಲಿದ್ದ ಅಜ್ಜಿ ಟಾಟಾ ಮಾಡಿ ಕಳಿಸಿದರು, ಮುಖದಲ್ಲಿ ಕರುಣೆಯ ಸುಳಿವೇ ಇಲ್ಲ. ಮುಂದೆ ಬಂದ ಹುಡುಗಿ ಬಾಯಿ ತೆರೆದಳೋ ಇಲ್ಲವೋ, ಅದೇ ಅಜ್ಜಿ ಎದ್ದು ನಿಂತು ಎರಡೂ ಕೈ ಎತ್ತಿಬಿಟ್ಟರು. ನಮ್ಮ ಕಂಪನಿ ನಾಟಕದಲ್ಲಿ ರಂಗಗೀತೆಗೆ ಒನ್ಸ್ ಮೋರ್ ಬೀಳುತ್ತಲ್ಲ, ಆ ಹುರುಪು.

ಪೊರಕೆ ಹಿಡಿಯೋ ಆ ಪಾತ್ರವನ್ನು ವರ್ಷಗಟ್ಟಲೆ ಮಾಡಿದ ಸ್ಯಾಂಡ್‌ಮ್ಯಾನ್ ಸಿಮ್ಸ್ ಸುಮ್ನೆ ಕೋಡಂಗಿ ಅಲ್ಲ ಮತ್ತೆ. ದೊಡ್ಡ ಟ್ಯಾಪ್ ಡ್ಯಾನ್ಸರ್. ಮರಳು ಹರಡಿ ಅದರ ಮೇಲೆ ಕಾಲು ಉಜ್ಜಿ ತಾಳ ತೆಗೆಯುತ್ತಿದ್ದ, ಅದರಿಂದಲೇ ಆ ಹೆಸರು. ಸೋತವನನ್ನು ಹೊರಗೆ ಹಾಕೋಕೂ ಅಲ್ಲಿ ನುರಿತ ಕಲಾವಿದನೇ ಬೇಕು.

ಹಾಸ್ಯದವರ ಹೆಸರು ನಿನ್ನ ಪಟ್ಟಿಯಲ್ಲಿ ಒಂದೂ ಇಲ್ಲ. ಮಾಮ್ಸ್ ಮೇಬ್ಲಿಯನ್ನು ಸೇರಿಸು. ಮನೆಯಲ್ಲಿ ಹಾಕೋ ದೊಗಳೆ ಗೌನು, ಜೋಲು ಟೋಪಿ, ಬೊಚ್ಚು ಬಾಯಿ. ಇನ್ನೂ ವಯಸ್ಸಾಗದಿದ್ದಾಗಲೇ ಈ ಮುದುಕಿ ವೇಷ ಹಾಕಿದಾಕೆ. ಮುದುಕರಿಂದ ತನಗೆ ಆಗಬೇಕಾದ ಕೆಲಸ ಒಂದೇ, ಹರೆಯದವನ ಕಡೆಯಿಂದ ಸುದ್ದಿ ತಂದುಕೊಡೋದು ಅನ್ನುತ್ತಿದ್ದರು! ಅದೇ ವೇಷದಲ್ಲಿ ಬಿಳಿಯರ ದರ್ಪದ ಮೇಲೂ ಚಾಟಿ ಬೀಸುತ್ತಿದ್ದರು. ಅಜ್ಜಿ ಏನೋ ಹೇಳಿದಳು ಅಂತ ಎಲ್ಲರೂ ನಗೋರು. ಅಪೊಲೊದಲ್ಲಿ ವರ್ಷಗಟ್ಟಲೆ ನಗಿಸಿ, 1962ರಲ್ಲಿ ನ್ಯೂಯಾರ್ಕಿನ ಹೆಸರಾಂತ ಕಾರ್ನೆಗಿ ಹಾಲ್‌ನಲ್ಲೂ ಕಾರ್ಯಕ್ರಮ ಕೊಟ್ಟರು.

ಅದೇ 1962ರ ಅಕ್ಟೋಬರ್ 24, ಅದೂ ಬುಧವಾರವೇ. ಜೇಮ್ಸ್ ಬ್ರೌನ್‌ಗೆ ಅಪೊಲೊದ ಕಾರ್ಯಕ್ರಮವನ್ನು ಇದ್ದ ಹಾಗೇ ರೆಕಾರ್ಡ್ ಮಾಡೋ ಆಸೆ. ರೆಕಾರ್ಡ್ ಕಂಪನಿಯ ಯಜಮಾನ ಸಿಡ್ ನೇಥನ್ ಒಪ್ಪಲಿಲ್ಲ. ಹೊಸ ಹಾಡಿಲ್ಲದ ರೆಕಾರ್ಡನ್ನು ಯಾರು ಕೊಳ್ಳುತ್ತಾರೆ ಅನ್ನೋದು ಅವನ ಲೆಕ್ಕ. ಬ್ರೌನ್ ತನ್ನ ಜೇಬಿನಿಂದಲೇ ದುಡ್ಡು ಹಾಕಿದ. ಮರುವರ್ಷ ಬಂದ ಆ ರೆಕಾರ್ಡ್ ಹೆಚ್ಚು ಮಾರಾಟವಾದ ರೆಕಾರ್ಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 66 ವಾರ ಕೂತಿತು, ಎರಡನೇ ಸ್ಥಾನದವರೆಗೂ ಏರಿತು. ಅದರಲ್ಲಿ ಹಾಡಿನಷ್ಟೇ ಜೋರಾಗಿ ಕೇಳಿಸೋದು ಜನ.

ಅದಕ್ಕೇ ಹೇಳೋದು, ಇದೊಂದು ರೆಕಾರ್ಡನ್ನು ಹುಡುಗರಿಗೆ ಪೂರ್ತಿ ಕೇಳಿಸು. ಒಟ್ಟು ಅರ್ಧ ಗಂಟೆಯ ಆಸುಪಾಸು, ಅಷ್ಟೇ. ಮಧ್ಯೆ 'ಲಾಸ್ಟ್ ಸಮ್‌ವನ್' ಅನ್ನೋ ಹಾಡು ಹತ್ತು ನಿಮಿಷದ ಮೇಲೆ ಎಳೆಯುತ್ತೆ. ಹುಡುಗರು ಬೇಜಾರಾಗ್ತಾರೆ ಅಂತ ಮುಂದಕ್ಕೆ ಓಡಿಸಬೇಡ. ಬ್ರೌನ್ ಒಂದು ಮಾತು ಎಸೆಯುತ್ತಾನೆ, ಹೆಂಗಸರು ಚೀರುತ್ತಾರೆ, ಆ ಚೀರಾಟ ಎಷ್ಟಿದೆ ನೋಡಿಕೊಂಡು ಇವನು ಮುಂದಿನದನ್ನು ಎಸೆಯುತ್ತಾನೆ. ಫೋನಿನ ಸ್ಪೀಕರ್ ಸಾಲದು. ಹಾಲ್‌ನ ದೊಡ್ಡ ಸ್ಪೀಕರ್‌ಗೇ ಹಾಕಿಸು, ಪ್ರಿನ್ಸಿಪಾಲರ ಅನುಮತಿ ಮೊದಲೇ ತಗೋ.

ನಿನ್ನ,
ರಘು