ಖರ್ಚಿನ ಲೆಕ್ಕ: 1ನೇ ತಾರೀಕಿನಿಂದ ಶುರು

ಎಲ್ಲರಿಗೂ ನಮಸ್ಕಾರ,

ಮೊನ್ನೆ ಮಾತಾಡಿಕೊಂಡ ಹಾಗೆ, ಬರುವ 1ನೇ ತಾರೀಕಿನಿಂದ ದಿನದ ಖರ್ಚು ಬರೆಯಲು ಶುರು ಮಾಡುತ್ತಿದ್ದೇವೆ. ಅವತ್ತು ಒಪ್ಪಿದವರಿಗೆ ಇದು. ಉಳಿದವರಿಗೆ ಒತ್ತಾಯವಿಲ್ಲ, ಸೇರಿದರೆ ಖುಷಿ.

ನೋಟ್‌ಬುಕ್, ಮೊಬೈಲ್, ಎಕ್ಸೆಲ್, ಯಾವುದಾದರೂ ಸರಿ. ಒಳ್ಳೆ ಆ್ಯಪ್ ಹುಡುಕುತ್ತಾ ಕೂರಬೇಡಿ. ಮಲಗುವ ಮುಂಚೆ ತಾರೀಕು, ಮೊತ್ತ, ಯಾವುದಕ್ಕೆ ಅಂತ ಬರೆದರೆ ಸಾಕು.

"ಎಲ್ಲ ಮೊಬೈಲಲ್ಲೇ ಕೊಡೋದು, ಪಾಸ್‌ಬುಕ್ ನೋಡಿದರೆ ಆಯ್ತಲ್ವಾ?" ಅಂತ ಕೆಲವರು ಕೇಳಿದ್ದರು. ಆಗಲ್ಲ. ಯುಪಿಐ ಲೈಟ್ (ಸಣ್ಣ ಖರ್ಚಿಗೆ ಅಂತ ಆ್ಯಪಿನಲ್ಲಿ ಮೊದಲೇ ಹಣ ತುಂಬಿಡುವುದು) ಬಳಸುತ್ತಿದ್ದರೆ ಪಾಸ್‌ಬುಕ್ಕಿನಲ್ಲಿ ಲೈಟಿಗೆ ತುಂಬಿದ ಮೊತ್ತ ಮಾತ್ರ ಕಾಣುತ್ತದೆ. ಅದರಿಂದ ಕೊಟ್ಟ 15 ರೂಪಾಯಿ ಟೀ, 40 ರೂಪಾಯಿ ಆಟೊ ಬಿಡಿಬಿಡಿಯಾಗಿ ಬರುವುದಿಲ್ಲ. ಅವನ್ನು ಆ್ಯಪಿನ ಹಿಸ್ಟರಿಯಲ್ಲೇ ನೋಡಬೇಕು. ಅಲ್ಲೂ ಅಂಗಡಿಯವರ ಹೆಸರಿರುತ್ತದೆ, ಏನು ತಂದಿರಿ ಅಂತ ಇರುವುದಿಲ್ಲ. ಸಂತೆಪೇಟೆಯಲ್ಲಿ ನಗದು ಕೊಟ್ಟು ತಂದ ತರಕಾರಿಯಂತೂ ಎಲ್ಲೂ ಸಿಗಲ್ಲ. ಹಾಗಾಗಿ ಕೈಯಲ್ಲೇ ಬರೆಯಿರಿ.

ಬಾಡಿಗೆ, ಚೀಟಿ ಬೇರೆ ಪುಟದಲ್ಲಿರಲಿ. ವರ್ಷಕ್ಕೊಮ್ಮೆ ಕಟ್ಟುವ ವಿಮೆಯನ್ನು 12ರಿಂದ ಭಾಗಿಸಿ ತಿಂಗಳಿಗೆ ಹಾಕಿಕೊಳ್ಳಿ. ಹಾಸನಾಂಬೆ ಬಾಗಿಲು ತೆಗೆದಾಗ ನೆಂಟರು ಬಂದೇ ಬರುತ್ತಾರೆ (ಬರಲಿ, ಸಂತೋಷ!). ಆ ಖರ್ಚನ್ನೂ ಬೇರೆ ಇಡಿ, ಇಲ್ಲದಿದ್ದರೆ ಅಡುಗೆಮನೆ ಲೆಕ್ಕ ಸುಮ್ನೆ ಜಾಸ್ತಿ ಕಾಣುತ್ತದೆ.

ತಿಂಗಳ ಕೊನೆಯ ಭಾನುವಾರ ಸಂಜೆ 5ಕ್ಕೆ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಸಂಬಳ, ಸಾಲ ಯಾರೂ ಹೇಳಬೇಕಿಲ್ಲ. ಪಾಸ್‌ಬುಕ್ ಸ್ಕ್ರೀನ್‌ಶಾಟ್ ದಯವಿಟ್ಟು ಗುಂಪಿಗೆ ಹಾಕಬೇಡಿ.

ಸೇರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಬರೀ ಹೆಬ್ಬೆಟ್ಟು ಒತ್ತಿದರೆ ಬರುತ್ತೀರೋ ಇಲ್ಲವೋ ಗೊತ್ತಾಗಲ್ಲ.