ಜುಲೈ ತಿಂಗಳ ನೀರಿನ ಲೆಕ್ಕ

ನಮ್ಮ ಕನ್ನಡ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ತಿಂಗಳು ತೀರಿಕೊಂಡರು. ಹೆಸರು, ಭಾವಚಿತ್ರ ಹಾಕುವುದು ಬೇಡವೆಂದು ಮನೆಯವರು ಹೇಳಿದ್ದಾರೆ. ಬಲ್ಲವರಿಗೆ ಹೇಗೂ ಗೊತ್ತಾಗುತ್ತದೆ. ಹ್ಯೂಸ್ಟನ್ನಿನಲ್ಲಿ ಪೈಪ್‌ಲೈನ್, ಪಂಪುಗಳ ಎಂಜಿನಿಯರ್ ಆಗಿದ್ದವರು ನಡುವಯಸ್ಸಿನಲ್ಲಿ ಕೆಲಸ ಬಿಟ್ಟು ಮಧ್ಯ ಟೆಕ್ಸಾಸಿನಲ್ಲಿ ದನ ಸಾಕುವ ರ‍್ಯಾಂಚ್ ಕಟ್ಟಿದರು. ಜಮೀನಿನ ತೆರಿಗೆ ಇಳಿಯಲೆಂದು ಹತ್ತೆಕರೆಗೆ ಎರಡು ಕರು ಬಿಡುವವರು ನಮ್ಮಲ್ಲೂ ಉಂಟು. ಇವರದು ಆ ಪೈಕಿ ಅಲ್ಲ. ನಲವತ್ತು ಹಸುಗಳ ಮಂದೆ, ಮಂದೆಯ ಖರ್ಚನ್ನು ಮಂದೆಯೇ ದುಡಿಯಬೇಕು ಎಂಬ ಷರತ್ತು.

ಹಸು ಕೊಳ್ಳುವ ಮೊದಲು ಅವರು ಪೈಪು ಕೊಂಡರು. ಹಾಲೂಡುವ ಹಸು ಬೇಸಗೆಯಲ್ಲಿ ದಿನಕ್ಕೆ 20 ಗ್ಯಾಲನ್‌ವರೆಗೂ ನೀರು ಕುಡಿಯುತ್ತದೆ. ನಲವತ್ತಕ್ಕೆ 800 ಗ್ಯಾಲನ್. ಪಂಪು ಕೆಟ್ಟರೂ ಮೂರು ದಿನ ತಳ್ಳಬೇಕೆಂದು ದಿಬ್ಬದ ಮೇಲೆ 2500 ಗ್ಯಾಲನ್ನಿನ ಟ್ಯಾಂಕು ಕೂರಿಸಿದರು. ಅಲ್ಲಿಂದ ಕೆಳಗಿನ ಹುಲ್ಲುಗಾವಲಿನ ತೊಟ್ಟಿಗೆ ದೂರ 3000 ಅಡಿ, ಇಳಿತ 40 ಅಡಿ. 2.31 ಅಡಿ ಎತ್ತರದ ನೀರಿಗೆ ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡ, ಹಾಗಾಗಿ 40 ಅನ್ನು 2.31ರಿಂದ ಭಾಗಿಸಿದರೆ ಒತ್ತಡ ಸುಮಾರು 17 ಪಿಎಸ್‌ಐ. ಇಷ್ಟಿದ್ದರೆ ಸಾಕೆಂದು ಬಹಳ ಜನ ಅಗ್ಗದ ಒಂದಿಂಚಿನ ಪಾಲಿಥೀನ್ ಪೈಪು ಹೂಳುತ್ತಾರೆ. ನಿಂತ ನೀರಿಗೆ ಆ ಒತ್ತಡ ನಿಜ, ನೀರು ಹರಿಯತೊಡಗಿದೊಡನೆ ಘರ್ಷಣೆ ಅದನ್ನು ನುಂಗುತ್ತದೆ. ಅಷ್ಟು ದೂರಕ್ಕೆ ಒಂದಿಂಚಿನ ಪೈಪಿನಲ್ಲಿ ನಿಮಿಷಕ್ಕೆ ನಾಲ್ಕೂವರೆ ಗ್ಯಾಲನ್ ಬಂದರೆ ಹೆಚ್ಚು. ಒಂದೂವರೆ ಇಂಚಿನದರಲ್ಲಿ ಸುಮಾರು 14 ಬರುತ್ತದೆ.

ದಿನದ ಲೆಕ್ಕಕ್ಕೆ ಒಂದಿಂಚೂ ಸಾಕು, ಮೂರು ಗಂಟೆಯಲ್ಲಿ 800 ಗ್ಯಾಲನ್ ಇಳಿಯುತ್ತದೆ. ಆದರೆ ದನ ಸರದಿಯಲ್ಲಿ ಬರುವುದಿಲ್ಲ. ಮಂದೆ ಒಟ್ಟಿಗೆ ಬರುತ್ತದೆ, ಹಾಯುವ ಹಸುಗಳು ಮುನ್ನುಗ್ಗಿ ಕುಡಿಯುತ್ತವೆ, ತೊಟ್ಟಿ ಬರಿದಾಗುತ್ತದೆ. ಅವು ಹೊರಟ ಕೂಡಲೇ ಪುಕ್ಕಲು ಹಸುಗಳೂ ಕರುಗಳೂ ಅರೆ ಬಾಯಾರಿಕೆಯಲ್ಲೇ ಹಿಂದೆ ಹೋಗುತ್ತವೆ. ಹಾಲು ಇಳಿಯುತ್ತದೆ, ಕರು ಸೊರಗುತ್ತದೆ, ಯಜಮಾನ ಜಂತುಹುಳದ ಔಷಧಿ ತರುತ್ತಾನೆ! ಇವರು ಒಂದೂವರೆ ಇಂಚಿನದನ್ನೇ ಹೂತರು, ತೊಟ್ಟಿಯನ್ನೂ ದೊಡ್ಡದೇ ಇಟ್ಟರು. ಒತ್ತಡ ಕಡಿಮೆ ಇರುವ ಲೈನಿನಲ್ಲಿ ನೆಲ ಉಬ್ಬಿದ ಕಡೆ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ಹಾಗಾಗಿ ಉಬ್ಬು ಬಂದಲ್ಲೆಲ್ಲ ಗಾಳಿ ಬಿಡುವ ವಾಲ್ವು. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನ ಮೇಲೆ ಕಬ್ಬಿಣದ ಪಂಜರ, ಏಕೆಂದರೆ ಮೈ ತುರಿಸಿಕೊಳ್ಳಲು ಸಿಕ್ಕಿದ್ದನ್ನು ದನ ಬಿಡುವುದಿಲ್ಲ.

2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಕರೆಂಟು ಹೋಗಿ ಟೆಕ್ಸಾಸಿನ ಉದ್ದಕ್ಕೂ ಬೋರ್‌ವೆಲ್ ಪಂಪುಗಳು ನಿಂತಾಗಲೂ ದಿಬ್ಬದ ನೀರು ತಾನಾಗಿ ಇಳಿಯಿತು. ಹೂತ ಪಾಲಿಥೀನ್ ಒಡೆಯಲಿಲ್ಲ. ಒಡೆದದ್ದು ನೆಲದಿಂದ ಮೇಲೆದ್ದ ಪಿವಿಸಿ ತುಂಡುಗಳು, ಅದೂ ಬಟ್ಟೆ ಸುತ್ತದೆ ಬಿಟ್ಟಿದ್ದ ಕಡೆ.

ಹುಲ್ಲಿನ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ಜನ ಎಡವುತ್ತಾರೆ. 1000 ಪೌಂಡಿನ ಹಸುವಿಗೆ ದಿನಕ್ಕೆ 26 ಪೌಂಡ್ ಒಣಮೇವು, ವರ್ಷಕ್ಕೆ ಹತ್ತಿರ ಹತ್ತಿರ 9500. ಎಕರೆಗೆ 3000 ಪೌಂಡ್ ಹುಲ್ಲು ಬೆಳೆದರೆ ತಲೆಗೆ ಮೂರು ಎಕರೆ ಚಿಲ್ಲರೆ ಸಾಕೆನಿಸುತ್ತದೆ. ಸಾಲದು. ಬೇರು ಬದುಕಲು ಅರ್ಧ ಹುಲ್ಲು ನಿಲ್ಲಬೇಕು. ಉಳಿದರ್ಧದಲ್ಲಿ ಮತ್ತರ್ಧ ತುಳಿತಕ್ಕೆ, ಸಗಣಿಗೆ, ಮಿಡತೆಗೆ. ಹಸುವಿನ ಬಾಯಿಗೆ ಬೀಳುವುದು 750 ಪೌಂಡ್, ಅಂದರೆ ತಲೆಗೆ ಹದಿಮೂರು ಎಕರೆ. ಅದೂ ಮಳೆ ಬಂದ ವರ್ಷದ ಮಾತು. 2011ರಲ್ಲಿ ಮಳೆಯೇ ಬರಲಿಲ್ಲ. ಮೇ ಮುಗಿಯುವುದರೊಳಗೆ ಹುಲ್ಲು ಏಳದಿದ್ದರೆ ಮಾರುವುದೆಂದು ಅವರು ಚಳಿಗಾಲದಲ್ಲೇ ಬರೆದಿಟ್ಟಿದ್ದರು. ಯಾವುದು ಮೊದಲೆಂಬುದೂ ಅದರಲ್ಲೇ ಇತ್ತು: ಗೊಡ್ಡು, ಆಮೇಲೆ ಹಲ್ಲು ಸವೆದದ್ದು, ಆಮೇಲೆ ಕಾಲು-ಕೆಚ್ಚಲು ಕೆಟ್ಟದ್ದು. ಜೂನ್‌ನಲ್ಲಿ ಮಂದೆಯ ಮೂರನೇ ಒಂದು ಭಾಗ ಹೋಯಿತು. ಮಳೆಗೆ ಕಾದವರು ದೂರದ ರಾಜ್ಯಗಳಿಂದ ಹುಲ್ಲು ತರಿಸಿ, ಕೊನೆಗೆ ಬಡಕಲು ದನವನ್ನು ಬಂದ ಬೆಲೆಗೆ ಕೊಟ್ಟರು.

ಗಬ್ಬದ ವಿಷಯದಲ್ಲೂ ಅದೇ ನಿಷ್ಠುರ. ಗಬ್ಬ 283 ದಿನ, ವರ್ಷಕ್ಕೊಂದು ಕರು ಬೇಕೆಂದರೆ ಈದ ಹಸು 82 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಸೊರಗಿದ ಹಸು ಬೆದೆಗೇ ಬರುವುದಿಲ್ಲ. ಹೋರಿಯನ್ನು 90 ದಿನ ಮಾತ್ರ ಮಂದೆಗೆ ಬಿಟ್ಟು, ಆಮೇಲೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಗಬ್ಬ ನಿಲ್ಲದ್ದನ್ನು ಕಳಿಸುತ್ತಿದ್ದರು.

ಆ ಹೋರಿಗಳು ಬ್ರಾಹ್ಮನ್ ತಳಿಯವು. ಇಣಿ, ಗಂಗೆದೊಗಲು, ಜೋಲುಗಿವಿ ಕಂಡು ಸಂಘದ ಪಿಕ್‌ನಿಕ್ಕಿಗೆ ಹೋದವರು ಊರ ದನವೆಂದೇ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ತಪ್ಪೇನಿಲ್ಲ. ಅಮೆರಿಕದ ಬ್ರಾಹ್ಮನ್ ರೂಪುಗೊಂಡದ್ದು ಗಿರ್, ಕಾಂಕ್ರೇಜ್, ಓಂಗೋಲ್ ಮತ್ತು ನಮ್ಮ ಬೆಳಗಾವಿ-ಬಿಜಾಪುರ ಸೀಮೆಯ ಕೃಷ್ಣಾ ವ್ಯಾಲಿ ತಳಿಗಳಿಂದ. ದಾಖಲೆಗೆ ಸಿಗುವ ಆಮದು ದನ 300ಕ್ಕೂ ಕಡಿಮೆ. ತಳಿ ಸಂಘ ಹುಟ್ಟಿದ್ದು 1924ರಲ್ಲಿ. ಬಿಸಿಲು, ಉಣ್ಣಿಹುಳು ತಡೆಯುವ ಈ ಹೋರಿಯನ್ನು ಹೆರೆಫೋರ್ಡ್ ತಳಿಯ ಹಸುವಿಗೆ ಕೊಟ್ಟರೆ ಪಟ್ಟೆಪಟ್ಟೆಯ ಕಡಸು ಬರುತ್ತದೆ. ಅದಕ್ಕೆ ಟೈಗರ್ ಸ್ಟ್ರೈಪ್ ಎಂದು ಹೆಸರು, ಟೆಕ್ಸಾಸಿನ ರ‍್ಯಾಂಚಿನವರು ತಾಯಿ ಹಸುವಾಗಿ ಇಟ್ಟುಕೊಳ್ಳಲು ಒಳ್ಳೆಯ ಬೆಲೆ ಕೊಡುತ್ತಾರೆ. ಗಂಡುಕರುಗಳು ಹರಾಜಿಗೆ, ಅಲ್ಲಿಂದ ಕಾಳು ತಿನ್ನಿಸಿ ಕೊಬ್ಬಿಸುವ ಫೀಡ್‌ಲಾಟಿಗೆ, ಕೊನೆಗೆ ಕಸಾಯಿಖಾನೆಗೆ. ಇದನ್ನವರು ಮುಚ್ಚಿಡಲಿಲ್ಲ. ಎದುರಿಗೆ ಕೇಳಿದವರಿಗಿಂತ ಹಿಂದೆ ಆಡಿಕೊಂಡವರೇ ನಮ್ಮಲ್ಲಿ ಹೆಚ್ಚು. ಹಾಲಿನ ಡೇರಿಯ ಗಂಡುಕರುಗಳು ಎಲ್ಲಿಗೆ ಹೋಗುತ್ತವೆಂದು ಅವರಲ್ಲಿ ಎಷ್ಟು ಜನ ಯೋಚಿಸಿದ್ದಾರೋ ತಿಳಿಯದು.

ಉತ್ತರ ಕರ್ನಾಟಕದ ರೈತರಿಗೆ ಗೊತ್ತಿರುವ ಒಂದು ಸಂಗತಿ ಅಲ್ಲಿಯೂ ಕೆಲಸಕ್ಕೆ ಬಂತು. ಬರದಲ್ಲಿ ಬಾಡಿದ ಎಳೆ ಜೋಳ ದನಕ್ಕೆ ವಿಷ. ಟೆಕ್ಸಾಸಿನ ಬೇಲಿಸಾಲಿನಲ್ಲಿ ತಾನಾಗಿ ಬೆಳೆಯುವ ಜಾನ್ಸನ್ ಹುಲ್ಲು ಅದೇ ಜೋಳದ ಕುಲದ್ದು. ಬರ ಅಥವಾ ಇಬ್ಬನಿ ಹೆಪ್ಪುಗಟ್ಟುವ ಚಳಿ ತಾಗಿದರೆ ಎಲೆಯೊಳಗೆ ಸಯನೈಡ್ ಬಿಡುಗಡೆಯಾಗುತ್ತದೆ, ಹಸಿದ ಹಸು ನಿಮಿಷಗಳಲ್ಲಿ ಉರುಳಬಹುದು. ಚಳಿ ತಾಗಿದ ಮೇಲೆ ಕನಿಷ್ಠ ಒಂದು ವಾರ, ಹುಲ್ಲು ಪೂರ್ತಿ ಒಣಗುವ ತನಕ, ಆ ಕಡೆ ಮಂದೆ ಬಿಡಬಾರದು. ಮಳೆ ಬಿದ್ದು ಹೊಸ ಚಿಗುರು ಒಡೆದಾಗ ಇನ್ನೂ ಹೆಚ್ಚು ಎಚ್ಚರ ಬೇಕು.

ಮಂದೆ ಈಗ ಮಾರಾಟಕ್ಕಿದೆ. ಸಾಗಿಸುವಾಗ ಸಗಣಿ, ಗಂಜಲದಲ್ಲೇ ಕರು ನೂರಕ್ಕೆ ಐದರಷ್ಟು ತೂಕ ಕಳೆದುಕೊಳ್ಳುತ್ತದೆ. 500 ಪೌಂಡಿನದರಲ್ಲಿ 25 ಪೌಂಡಿನ ದುಡ್ಡು ದಾರಿಯಲ್ಲೇ ಹೋದ ಹಾಗೆ. ಅದಕ್ಕೆ ಮನೆಯವರು ಅವರು ಬರೆದಿಟ್ಟ ಕ್ರಮದಲ್ಲೇ, ನಸುಕಿನ ತಂಪಿನಲ್ಲಿ ಮಂದೆ ಕೂಡಿ ರ‍್ಯಾಂಚಿನಲ್ಲೇ ತೂಗಿ ಕೊಡಲಿದ್ದಾರೆ. ಆ ದಿನ ಹೋಗಬಯಸುವ ಸದಸ್ಯರು ದಯವಿಟ್ಟು ಬೇಲಿಯಿಂದ ದೂರ ನಿಲ್ಲಿ. ಇಕ್ಕಟ್ಟಿನ ಓಣಿಯಲ್ಲಿ ಸಾಗುವ ದನ ಹಾರುವ ಸೆರಗಿಗೂ ಅಡ್ಡಬಿದ್ದ ನೆರಳಿಗೂ ಬೆದರಿ ನಿಲ್ಲುತ್ತದೆ, ಮುಂದಿನದು ನಿಂತರೆ ಹಿಂದಿನದು ಅದರ ಮೇಲೆ ಏರುತ್ತದೆ.