ಗೆದ್ದ ಕಕ್ಷಿದಾರನದೂ ಒಂದು ದೂರು

ಸಂಪಾದಕರಿಗೆ,

ಮಾನ್ಯರೇ,

ಕ್ರಿಮಿನಲ್ ವಕೀಲರ ಬಗ್ಗೆ ಕಕ್ಷಿದಾರರ ಅಸಮಾಧಾನದ ಕುರಿತು ಓದುಗರೊಬ್ಬರು, ಅವರೂ ವಕೀಲರೇ, ಬರೆದ ಪತ್ರವನ್ನು ಈ ಅಂಕಣದಲ್ಲಿ ಓದಿದೆ. ಕೇಸು ಸೋತವರು ವಕೀಲರನ್ನು ಬೈಯುತ್ತಾರೆ, ಗೆದ್ದವರು ತಿರುಗಿಯೂ ನೋಡುವುದಿಲ್ಲ ಎಂಬುದು ಅವರ ಮಾತಿನ ಸಾರ. ನಾನು ಗೆದ್ದವನು. ಆರು ವರ್ಷ ಆರೋಪಿಯಾಗಿ ಕಟಕಟೆ ಹತ್ತಿ ಇಳಿದು, ಕೊನೆಗೆ ಖುಲಾಸೆಯಾದವನು. ಆದರೂ ನನ್ನದೊಂದು ದೂರಿದೆ.

ನಾನು ಕ್ಯಾಷ್ ನೋಡಿಕೊಳ್ಳುತ್ತಿದ್ದ ಸಂಸ್ಥೆಯಲ್ಲಿ ಲೆಕ್ಕಕ್ಕೆ ಹಣ ಕಡಿಮೆ ಬಂತು, ಕೇಸು ನನ್ನ ಮೇಲಾಯಿತು. ಆ ಹಣವನ್ನು ಮೇಲಿನವರೊಬ್ಬರು ನನ್ನ ಕೈಯಿಂದಲೇ ಪಡೆದು, ಸಹಿ ಹಾಕಿ ಕೊಟ್ಟ ಚೀಟಿ ನನ್ನಲ್ಲಿತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ವಕೀಲರ ಕಚೇರಿಗೆ ಹೋದೆ. ಅವರು ಫೋನಿನಲ್ಲಿ ಮಾತಾಡುತ್ತಲೇ ಎಫ್‌ಐಆರ್‌ನ ಮೊದಲ ಪುಟ ನೋಡಿ, 'ನೀವೇನೂ ಯೋಚನೆ ಮಾಡಬೇಡಿ, ಇದು ನಿಲ್ಲುವ ಕೇಸೇ ಅಲ್ಲ' ಎಂದರು. ಖಾಲಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ಕವರು ನನ್ನ ಜೊತೆಗೇ ಮನೆಗೆ ವಾಪಸು ಬಂತು. ಆಮೇಲೆ ತೋರಿಸಲು ಹೋದಾಗಲೆಲ್ಲ 'ಟೈಮ್ ಬಂದಾಗ ಕೇಳ್ತೀನಿ' ಎಂದರು. ಆ ಟೈಮ್ ಬರಲೇ ಇಲ್ಲ.

ಒಂದು ವಾಯಿದೆಗೆ 'ನೀವು ಬರಬೇಕಿಲ್ಲ, ಹಾಜರಾತಿ ವಿನಾಯಿತಿಗೆ ಅರ್ಜಿ ಹಾಕ್ತೀನಿ' ಎಂದರು. ಹೋಗಲಿಲ್ಲ. ಅರ್ಜಿ ಹಿಡಿದ ಜೂನಿಯರ್ ಬೇರೆ ಕೋರ್ಟ್ ಹಾಲ್‌ನಲ್ಲಿದ್ದಾಗ ನನ್ನ ಕೇಸು ಕೂಗಿದ್ದಾರೆ. ಜಾಮೀನುರಹಿತ ವಾರಂಟ್ ಆಯಿತು. ನನಗೆ ಗೊತ್ತಾದದ್ದು ಬೆಳಗಿನ ಹೊತ್ತು ಪೊಲೀಸರು ಬಾಗಿಲು ಬಡಿದಾಗ. ಬಾಗಿಲು ತೆಗೆದವಳು ಪರೀಕ್ಷೆಗೆ ಓದುತ್ತಾ ಕೂತಿದ್ದ ಮಗಳು. ಆ ದಿನವೇ ವಾರಂಟ್ ರದ್ದಾಯಿತು, ನಿಜ. ವಕೀಲರಿಗೆ ಅದು ಅರ್ಧ ಪುಟದ ಅರ್ಜಿ. 'ಇವೆಲ್ಲ ಕಾಮನ್ನು' ಎಂದು ನಕ್ಕರು. ಅಂದಿನಿಂದ ನಾನೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ತಾರೀಕು ನೋಡಿಕೊಳ್ಳುವುದು ಕಲಿತೆ. 16 ಅಕ್ಷರಗಳ ಆ ಸಂಖ್ಯೆಯನ್ನು ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಆದರೆ ನನ್ನ ನಿಜವಾದ ಸಂಕಟ ವಾರಂಟಿನದಲ್ಲ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನಿಸುವ ಘಟ್ಟವೊಂದಿದೆ. ನನ್ನ ಕಾಲಕ್ಕೆ ಅದು ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ 351. ಇಡೀ ಕೇಸಿನಲ್ಲಿ ಆರೋಪಿಗೆ ತನ್ನ ಬಾಯಿಂದಲೇ ತನ್ನ ಕಥೆ ಹೇಳಿಕೊಳ್ಳಲು ಕೋರ್ಟೇ ಅವಕಾಶ ಕೊಡುವ ಜಾಗ ಅದು. ನ್ಯಾಯಾಲಯ ಒಪ್ಪಿದರೆ ಬರಹದಲ್ಲೂ ಹೇಳಿಕೆ ಕೊಡಬಹುದು. ಇದ್ಯಾವುದನ್ನೂ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ವಕೀಲರು ಅಂದು ಬಂದಿರಲಿಲ್ಲ. ಹಿಂದೆ ನಿಂತಿದ್ದ ಜೂನಿಯರ್ ಹುಡುಗ 'ಎಲ್ಲದಕ್ಕೂ ಸುಳ್ಳು ಅಂದುಬಿಡಿ ಸಾರ್' ಎಂದು ಪಿಸುಗುಟ್ಟಿದ. ಅಂದೆ. 'ಆ ಅವಧಿಯಲ್ಲಿ ನೀವೇ ಕ್ಯಾಷಿಯರ್ ಆಗಿದ್ದಿರಿ ಎಂದು ಸಾಕ್ಷಿ ಹೇಳಿದ್ದಾರೆ, ಏನು ಹೇಳುತ್ತೀರಿ?' ಎಂಬುದಕ್ಕೂ 'ಸುಳ್ಳು' ಅಂದೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಬೆರಳಚ್ಚುಗಾರ ಹೊಡೆದ ಸದ್ದು ಇನ್ನೂ ಕಿವಿಯಲ್ಲಿದೆ. 'ನಿಮ್ಮ ಕಡೆಯ ಸಾಕ್ಷ್ಯ ಇದೆಯೇ?' ಎಂದು ಕೇಳಿದಾಗ 'ಇಲ್ಲ' ಎಂದದ್ದೂ ಆ ಹುಡುಗನೇ. ನನ್ನ ಕವರು ಮಡಿಲಲ್ಲೇ ಇತ್ತು.

ಮಧ್ಯದಲ್ಲಿ ವಕೀಲರನ್ನು ಬದಲಾಯಿಸಲೂ ನೋಡಿದೆ. ಹೊಸಬರು 'ಹಳಬರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತನ್ನಿ, ಫೈಲು ತನ್ನಿ' ಎಂದರು. ಹಳಬರು 'ಬಾಕಿ ಫೀಸು ಕೊಟ್ಟು ಒಯ್ಯಿರಿ' ಎಂದರು. ಫೀಸು ಬಾಕಿ ಇದೆಯೆಂದು ವಕೀಲರು ಕಕ್ಷಿದಾರನ ಕಾಗದಪತ್ರ ಒತ್ತೆ ಇಟ್ಟುಕೊಳ್ಳುವಂತಿಲ್ಲ, ಕೇಳಿದಾಗ ಕೊಡದಿರುವುದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆಯೆಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬದಲಾಯಿಸಿದ್ದರೂ ಆಗಿಹೋದದ್ದನ್ನು ಸರಿಪಡಿಸುವುದು ಸುಲಭವಿರಲಿಲ್ಲ. ಹಿಂದಿನ ವಕೀಲರು ಸಮರ್ಥರಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಸಾಕ್ಷಿಗಳನ್ನು ಮತ್ತೆ ಕರೆಸಲಾಗದು ಎಂದು 2015ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಅದೂ ಸರಿಯೇ, ಇಲ್ಲದಿದ್ದರೆ ನೊಂದ ಸಾಕ್ಷಿಗಳು ಎಷ್ಟು ಸಲ ಕಟಕಟೆ ಹತ್ತಬೇಕು? ಆದ್ದರಿಂದಲೇ ಮೊದಲ ಸಲವೇ ಸರಿಯಾಗಿ ಆಗಬೇಕು ಎನ್ನುವುದು.

ವಾದದ ದಿನ ನಮ್ಮ ವಕೀಲರು ಬಂದರು. ಅಂದು ಅವರ ಮಾತು ಕೇಳಿ ನಾನೇ ಬೆರಗಾದೆ, ಸುಳ್ಳು ಹೇಳಲಾರೆ. ದೂರುದಾರರ ಲೆಕ್ಕದ ಪುಸ್ತಕದಲ್ಲಿ ಎರಡು ಬೇರೆ ಕೈಬರಹವಿರುವುದನ್ನು ಎತ್ತಿ ತೋರಿಸಿದರು. ಗೆದ್ದೆವು. ಆದರೆ ತೀರ್ಪಿನ ಕೊನೆಯ ಪುಟದಲ್ಲಿ ಇರುವುದು 'ಅನುಮಾನದ ಲಾಭ ನೀಡಿ' ಎಂಬ ಮಾತು. ನಾನು ಹಣ ತೆಗೆದುಕೊಂಡಿಲ್ಲ ಎಂದಲ್ಲ, ತೆಗೆದುಕೊಂಡದ್ದು ಸಾಬೀತಾಗಲಿಲ್ಲ ಎಂದು. ಕೆಲಸಕ್ಕೆ ವಾಪಸು ಹೋಗಲು ಕೇಳಿದಾಗ ಆಡಳಿತದವರು ಆ ಸಾಲಿಗೇ ಗೆರೆ ಎಳೆದು ತೋರಿಸಿದರು. ಗೌರವಪೂರ್ವಕ ಖುಲಾಸೆ ಬೇರೆ, ಅನುಮಾನದ ಮೇಲಿನ ಖುಲಾಸೆ ಬೇರೆ ಎಂದು ಸೇವಾ ವಿಷಯಗಳಲ್ಲಿ ನ್ಯಾಯಾಲಯಗಳೂ ನೋಡುತ್ತವೆ. ಕವರಿನೊಳಗಿನ ಚೀಟಿ ಕೋರ್ಟಿನ ಮುಂದೆ ಹೋಗಿದ್ದರೆ ಆ ಸಾಲು ಬೇರೆಯಾಗುತ್ತಿತ್ತೋ ಏನೋ. ವಕೀಲರನ್ನು ಕೇಳಿದೆ. 'ಬಿಡುಗಡೆ ಆಯ್ತಲ್ರೀ, ಇನ್ನೇನು ಬೇಕು?' ಎಂದರು.

ವಕೀಲರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಒಂದೇ ಬೆಳಿಗ್ಗೆ ನಾಲ್ಕು ಕೋರ್ಟ್ ಹಾಲ್ ಸುತ್ತಬೇಕು. ಕಕ್ಷಿದಾರರೂ ಕಡಿಮೆಯವರಲ್ಲ, ಮುಖ್ಯವಾದದ್ದನ್ನೇ ಮುಚ್ಚಿಡುತ್ತಾರೆ. ಆರೋಪಿಯೇ ಎಲ್ಲ ಬಿಚ್ಚಿ ಹೇಳಿದರೆ ಪಾಟಿ ಸವಾಲಿಗೆ ತೊಡಕು ಎಂದು ನಂಬುವ ವಕೀಲರೂ ಇದ್ದಾರಂತೆ. ಯಾವ ದಾಖಲೆ ಹಾಕಬೇಕು, ಯಾವುದು ಬೇಡ ಎಂಬ ತೀರ್ಮಾನ ಅವರದೇ ಇರಲಿ. ಚೀಟಿ ಹಾಕದಿರಲು ಕಾರಣ ಇದ್ದಿದ್ದರೆ ಹೇಳಬಹುದಿತ್ತು. ನೋಡದೆಯೇ ಬಿಟ್ಟದ್ದನ್ನು ತಂತ್ರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ದೂರು ಕೊಡುವುದಾದರೂ ಎಲ್ಲಿ? 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ಹೋಗಬಹುದು, ಆದರೆ ಅಲ್ಲಿ ತೋರಿಸಬೇಕಾದದ್ದು ದುರ್ನಡತೆ. ಅಸಡ್ಡೆಯೆಲ್ಲ ದುರ್ನಡತೆ ಆಗುವುದಿಲ್ಲ. ಗ್ರಾಹಕ ನ್ಯಾಯಾಲಯದ ಬಾಗಿಲು 2024ರ ಮೇ 14ರಂದು ಮುಚ್ಚಿತು. ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು, ವಕೀಲರು ಸೇವೆ ಸಲ್ಲಿಸುವ ರೀತಿಯ ಮೇಲೆ ಕಕ್ಷಿದಾರನಿಗೆ ಗಣನೀಯವಾದ ನೇರ ನಿಯಂತ್ರಣವಿರುತ್ತದೆ ಎಂಬುದು. ತೀರ್ಪಿನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅದನ್ನು ಓದಿದ ದಿನ ನನಗೆ ನೆನಪಾದದ್ದು 'ಸುಳ್ಳು ಅಂದುಬಿಡಿ ಸಾರ್' ಎಂಬ ಪಿಸುಮಾತು.

ನಾನು ಕೇಳುವುದು ಪರಿಹಾರವನ್ನಲ್ಲ. ಆರೋಪಿಯ ಹೇಳಿಕೆ ದಾಖಲಾಗುವ ವಾಯಿದೆಗೆ ಒಂದು ವಾರ ಮುಂಚೆಯಾದರೂ ವಕೀಲರು ಅವನನ್ನು ಎದುರು ಕೂರಿಸಿಕೊಂಡು ಸಾಕ್ಷ್ಯ ಓದಿ ಹೇಳಿ, 'ನಿಮ್ಮ ಬಳಿ ಏನಿದೆ?' ಎಂದು ಕೇಳಿದ್ದೇವೆಂದು ಇಬ್ಬರ ಸಹಿಯ ಒಂದು ಹಾಳೆ ಫೈಲಿನಲ್ಲಿಡುವ ನಿಯಮವನ್ನು ವಕೀಲರ ಪರಿಷತ್ತು ತರಲಿ. ಪತ್ರ ಬರೆದ ಆ ವಕೀಲರು ಇದಕ್ಕೆ ಏನನ್ನುತ್ತಾರೆಂದು ಇದೇ ಅಂಕಣದಲ್ಲಿ ಓದಲು ಕಾಯುತ್ತಿದ್ದೇನೆ.

ಇಂತಿ,
ಖುಲಾಸೆಯಾದ ಕಕ್ಷಿದಾರ
(ಹೆಸರು, ಊರು ಪ್ರಕಟಿಸಬಾರದಾಗಿ ಕೋರಿಕೆ)